ನಾಲ್ಕನೇ ಸಾಲು

ಹೊರಗೆ ಯಾರೋ ಗೋಡೆಗೆ ಚೆಂಡು ಒದೆಯುತ್ತಿದ್ದಾರೆ, ಥಪ್, ಮತ್ತೆ ಥಪ್, ಒಂದು ಸಲ ಗುರಿ ತಪ್ಪಿ ತಗಡಿನ ಬಾಗಿಲಿಗೆ ಬಡಿದು ಢಣ್ ಅನ್ನುತ್ತದೆ, ಬಲಗಾಲಿನ ಹೊಡೆತ ಅದು, ಪಾದದ ಒಳಮಗ್ಗುಲಿನದು, ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ ಅವನು, ಮೂವತ್ತೆಂಟು ವರ್ಷದಿಂದ ಇದೇ ಕ್ಲಬ್ಬು, ಇದೇ ಗೋಡೆ, ಹದಿನೇಳು ವರ್ಷ ಒದೆಯುವವನಾಗಿ, ಇಪ್ಪತ್ತೊಂದು ವರ್ಷ ಒದೆಸುವವನಾಗಿ, ಬೇರೆ ಕ್ಲಬ್ಬಿನವರು ಕರೆದಾಗಲೆಲ್ಲ ನನಗೆ ಇಲ್ಲಿನ ನಲ್ಲಿ ನೀರೇ ರುಚಿ ಎಂದು ಕಳಿಸಿಬಿಟ್ಟವನು — ಒದೆತದ ಸದ್ದನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡಿರುವ ತಲೆಗೆ ಒಂದು ಹೆಸರು ಇಟ್ಟುಕೊಳ್ಳಲು ಏನು ಧಾಡಿ? ಮೇಜಿನ ಮೇಲೆ ತಂಡದ ಪಟ್ಟಿ, ಹನ್ನೊಂದು ಸಾಲು, ಹತ್ತು ಸಾಲಿನಲ್ಲಿ ಅವನದೇ ದುಂಡು ಅಕ್ಷರ, ನಾಲ್ಕನೇ ಸಾಲು ಖಾಲಿ. ಆಟಕ್ಕೆ ಇನ್ನು ಮುಕ್ಕಾಲು ಗಂಟೆ. ಹತ್ತು ನಿಮಿಷದಲ್ಲಿ ಪಟ್ಟಿ ಒಯ್ಯಲು ರೆಫರಿಯ ಕಡೆಯವನು ಬರುತ್ತಾನೆ, ರಿಜಿಸ್ಟರಿನಲ್ಲಿ ಹೇಗಿದೆಯೋ ಹಾಗೇ ಪೂರ್ತಿ ಹೆಸರಿರಬೇಕು, ಪಟ್ಟಿಯಲ್ಲಿ ಹೆಸರಿಲ್ಲದವನು ಮೈದಾನಕ್ಕೆ ಇಳಿಯುವಂತಿಲ್ಲ. ಆ ರಿಜಿಸ್ಟರು ಎಲ್ಲೋ ದೂರದಲ್ಲಿಲ್ಲ, ಪಡಸಾಲೆ ದಾಟಿದರೆ ಕಾರ್ಯದರ್ಶಿಯ ಕೋಣೆ, ಅಲ್ಲಿನ ಬೀರುವಿನಲ್ಲಿದೆ, ಹೋಗಿ ಕೇಳಿದರೆ ಆಯಿತು, ಆದರೆ ಕಾರ್ಯದರ್ಶಿ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತಾನೆ, ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನ ಕೇಳದವರು ಇವತ್ತೇನು ಸಾರ್, ಅನ್ನುತ್ತಾನೆ, ಅಷ್ಟು ಸಾಕು, ಸಂಜೆಯೊಳಗೆ ಇಡೀ ಕ್ಲಬ್ಬಿಗೆ ಗೊತ್ತು. ಹತ್ತು ಬಂದವಲ್ಲ, ಇದೂ ಬರುತ್ತದೆ. ಆ ಹತ್ತೂ ಸುಮ್ಮನೆ ಬಂದವೇ, ಒಂದೊಂದನ್ನೂ ಆಳದ ಬಾವಿಯಿಂದ ಕೊಡ ಎಳೆದ ಹಾಗೆ ಎಳೆದದ್ದು, ಅಂಗೈ ಉರಿಯುತ್ತಿದೆಯೇನೋ ಅನ್ನಿಸುತ್ತದೆ.

ಅಡ್ಡಹೆಸರಾದರೆ ಎಲ್ಲವೂ ನಾಲಿಗೆಯ ತುದಿಯಲ್ಲೇ ಕೂತಿವೆ, ಕರೆದರೆ ಓಡಿ ಬರುತ್ತವೆ. ಗೋಲ್‌ಕೀಪರ್ ಬಾವಲಿ, ಬಂದ ಮೊದಲ ದಿನವೇ ಗೋಲಿನ ಅಡ್ಡಪಟ್ಟಿಗೆ ಜೋತುಬಿದ್ದು ಬೈಸಿಕೊಂಡವನು, ಯಾರ ಮನೆ ಬಾಗಿಲಿಗೆ ಬೇಕಾದರೂ ಚೆಂಡು ತಲುಪಿಸುವ ಪೋಸ್ಟ್‌ಮ್ಯಾನ್, ಇಪ್ಪತ್ತಮೂರಕ್ಕೇ ತಲೆ ಬೋಳಾದ ಅಜ್ಜ, ಎಲ್ಲರೂ ತಂದು ತನಗೇ ಬಡಿಸಲಿ ಎಂದು ಮುಂದೆ ನಿಂತು ಕಾಯುವ ಅಳಿಯ — ಲೋ ಅಳಿಯಾ, ಇದು ನಿನ್ನ ಮಾವನ ಮನೆಯಲ್ಲ, ಎದ್ದು ಹೋಗಿ ನೀನೇ ಬಡಿಸ್ಕೊ — ಎಂದು ಅವನು ಗೆರೆಯಾಚೆಯಿಂದ ಕೂಗಿದರೆ ಎದುರು ತಂಡದ ಬೆಂಚಿನವರೂ ನಗುತ್ತಾರೆ. ಬಂದವರಿಗೆ ಮೊದಲ ವಾರದಲ್ಲೇ ಅಡ್ಡಹೆಸರು ಇಟ್ಟುಬಿಡುವುದು, ಆಮೇಲೆ ನಿಜದ ಹೆಸರನ್ನು ಬಾಯಿಗೇ ತಾರದಿರುವುದು, ಅದು ಈ ಕ್ಲಬ್ಬಿನ ರೂಢಿ, ಅವನ ಹಳೇ ಕೋಚ್ ಕಲಿಸಿಟ್ಟು ಹೋದದ್ದು, ಹೆಸರು ಮನೆಯವರು ಕೂಗ್ಕೊಳ್ಳೋದಕ್ಕೆ ಕಣಯ್ಯ, ಮೈದಾನದಲ್ಲಿ ಅದು ಉದ್ದ ಆಗುತ್ತೆ, ಕರೆದು ಮುಗಿಸೋದ್ರಲ್ಲಿ ಚೆಂಡು ಹೋಗಿರುತ್ತೆ, ಅನ್ನುತ್ತಿದ್ದ ಹಳೇ ಕೋಚ್, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. ಅವನಿಗೆ ಚಿಲಕ ಎಂದು ಹೆಸರಿಟ್ಟದ್ದೂ ಅದೇ ಹಳೇ ಕೋಚ್. ನಾಲ್ಕನೇ ನಂಬರು, ಗೋಲಿನ ಮುಂದೆ ನಟ್ಟನಡುವೆ ನಿಲ್ಲುವ ಆಟಗಾರ, ಈ ಚಿಲಕ ಬಿದ್ದರೆ ಬಾಗಿಲು ಗಟ್ಟಿ, ಆಚೆಯವರು ಎಷ್ಟು ತಳ್ಳಿದರೂ ತೆಗೆಯಲ್ಲ. ಹದಿನೇಳು ವರ್ಷ ಚಿಲಕ, ಚಿಲಕ ಎಂದು ಊರೇ ಕೂಗಿತು, ಅವನ ಮದುವೆಯಲ್ಲೂ ಗೆಳೆಯರು ಹೆಣ್ಣಿನವರ ಮುಂದೆ ಚಿಲಕಾ ಎಂದು ಕರೆದು, ಹೆಂಡತಿಯ ಸೋದರಮಾವ ಇದೇನು ಬಡಗಿಯ ಮನೆತನವೇ ಎಂದು ಕೇಳಿದ್ದ. ಆಟ ನಿಲ್ಲಿಸಿ ಕೋಚ್ ಆದ ಮೇಲೆ ನಾಲ್ಕನೇ ನಂಬರಿನ ಅಂಗಿ ಬಿಟ್ಟುಕೊಟ್ಟ, ಹೆಸರು ಮಾತ್ರ ಕೊಡಲಿಲ್ಲ, ಎಷ್ಟೋ ಜನ ಆ ಅಂಗಿ ತೊಟ್ಟು ಹೋದರು, ಒಬ್ಬ ಗೂಟ, ಒಬ್ಬ ಹೆಬ್ಬಂಡೆ, ಚಿಲಕ ಎಂದು ಯಾರನ್ನೂ ಕರೆಯಲು ಬಾಯಿ ಬರಲಿಲ್ಲ. ನಾಲ್ಕು ವರ್ಷದ ಕೆಳಗೆ ಈಗಿನವನು ಬಂದ, ಉದ್ದಕ್ಕಿದ್ದ, ಮಾತು ಕಡಿಮೆ, ಮೇಲಿಂದ ಬೀಳುವ ಚೆಂಡಿಗೆ ಕಣ್ಣು ಮಿಟುಕಿಸದೆ ಹಣೆಯೊಡ್ಡಿದ, ನೋಡುತ್ತ ನಿಂತಿದ್ದವನು ಹೆಸರು ಕೊಟ್ಟುಬಿಟ್ಟ. ಬಾರೋ ಚಿಲಕ, ಎಂದ. ಈಗ ನೋಡು ಗ್ರಹಚಾರ, ಕಣ್ಣು ಮುಚ್ಚಿ ಚಿಲಕನ ಹೆಸರೇನು ಎಂದು ಕೇಳಿಕೊಂಡರೆ ಒಳಗಿನಿಂದ ಎದ್ದು ಬರುವುದು ತನ್ನದೇ ಹೆಸರು. ಅಲ್ಲ, ಅದಲ್ಲ, ಇನ್ನೊಬ್ಬ ಚಿಲಕನದು, ಈಗಿನವನದು, ನಾಲ್ಕೇ ಅಕ್ಷರವೋ ಐದೋ — ಮತ್ತೆ ತನ್ನದೇ, ಬಾಗಿಲು ತೆಗೆದಾಗಲೆಲ್ಲ ತಾನೇ ನಿಂತಿದ್ದಾನೆ.

ಚೀಟಿ ಇದ್ದಿದ್ದರೆ ಈ ಪಾಡಿರಲಿಲ್ಲ. ಈ ಸೀಸನ್ನಿನ ಹದಿಮೂರು ಆಟಕ್ಕೂ ಹೆಂಡತಿ ಚೀಟಿ ಬರೆದುಕೊಟ್ಟಿದ್ದಾಳೆ, ಹನ್ನೊಂದು ಹೆಸರು, ಪಕ್ಕದಲ್ಲಿ ಅಡ್ಡಹೆಸರು, ಜೇಬಿಗೆ ತಾನೇ ತುರುಕಿ ಮೇಲೊಂದು ಗುಂಡಿ ಹಾಕಿ ಕಳಿಸಿದ್ದಾಳೆ. ಇವತ್ತು ಹೊರಡುವಾಗ ಜೇಬು ಮುಟ್ಟಿ ನೋಡಿಕೊಂಡ, ಚಪ್ಪಟೆ. ಚೀಟಿ ಎಲ್ಲೇ? ಬರೀಲಿಲ್ಲ. ಯಾಕೆ, ಪೆನ್ನಿಲ್ವಾ? ಪೆನ್ನಿದೆ, ಬರೆಯಲ್ಲ ಅಷ್ಟೆ, ಹೋಗಿ ನನ್ನ ಕೈಲಾಗ್ತಿಲ್ಲ ಅಂತ ಹೇಳಿ ಬನ್ನಿ. ಎರಡೇ ಆಟ ಉಳಿದಿರೋದು ಕಣೆ, ಮುಗಿಸ್ಕೊಂಡು ಹೇಳ್ತೀನಿ. ಹೋದ ವರ್ಷನೂ ಇದೇ ರಾಗ ಎಳೆದ್ರಿ. ಮರೆಯೋದು ನನ್ನ ತಲೆ, ನಿನಗೇನು ಕಷ್ಟ? ನಿಮ್ಮ ತಲೆ ನಾನು ಹೇಗೋ ನೋಡ್ಕೋತೀನಿ, ಆ ಚಿಲಕನ ತಲೆ ಯಾರು ನೋಡ್ಕೋತಾರೆ, ಅವನಿಗೂ ಬೆಳಿಗ್ಗೆ ನೂರು ಸಂಜೆ ನೂರು ಹಣೇಲಿ ಹೊಡೆಸ್ತಿದೀರಲ್ಲ, ಡಾಕ್ಟರು ಹೇಳಿದ್ದು ಇಬ್ಬರ ಕಿವಿಗೂ ಬಿದ್ದಿದೆ — ಹೀಗೆನ್ನುತ್ತಾ ಅವಳು ಅವನ ಇನ್ನೊಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಪೆಟ್ಟಿಗೆ ಕಾಲರಿನ ಮೇಲೆ ನಿಂತುಬಿಟ್ಟಿತ್ತು, ಸುಟ್ಟ ವಾಸನೆ ಬಂದ ಮೇಲೆಯೇ ಎತ್ತಿದ್ದು. ಎಲ್ಲಿ, ಅವನ ಹೆಸರು ಹೇಳಿ ನೋಡೋಣ ಒಂದ್ಸಲ, ಎಂದಳು. ಅವನು ಬಗ್ಗಿ ಬೂಟಿನ ದಾರ ಕಟ್ಟಿದ. ಕಟ್ಟಿದ್ದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಹೊರಟುಬಂದ.

ನೂರು ನೂರು ಎಂದು ಎಣಿಸಿದವನೂ ತಾನೇ. ಸಾಮಾನಿನ ಕೋಣೆಯ ತೊಲೆಯಿಂದ ಹಗ್ಗದಲ್ಲಿ ಚೆಂಡು ಇಳಿಬಿಟ್ಟು ಹೊಡಿ ಅನ್ನುತ್ತಿದ್ದ ಹಳೇ ಕೋಚ್, ಹಣೆಯಿಂದ ಹೊಡಿಯೋ, ನೆತ್ತಿ ಇರೋದು ಟೋಪಿಗೆ, ಆಗಿನದು ಚರ್ಮದ ಚೆಂಡು, ನೆನೆದರೆ ಕಲ್ಲು, ಮೇಲಿಂದ ಬರುವಾಗ ಚಿಕ್ಕದು, ಬರುತ್ತ ಬರುತ್ತ ಆಕಾಶವನ್ನೇ ಮುಚ್ಚುವಷ್ಟು ದೊಡ್ಡದು, ಆಮೇಲೆ ತಲೆಯೊಳಗೆ ಒಂದು ಬಿಳುಪು, ಒಂದು ಚಿಟಿಕೆ ಹೊತ್ತು ಜನರ ಕೂಗೂ ಇಲ್ಲ, ಮೈದಾನವೂ ಇಲ್ಲ, ತಾನೂ ಇಲ್ಲ, ಆ ಬಿಳುಪು ಅವನಿಗೆ ಹಿತವಾಗಿತ್ತು, ಇದನ್ನು ಯಾರಿಗೂ ಹೇಳಿಲ್ಲ. ಮನೆಗೆ ಹೋದರೆ ಹೊಸತಾಗಿ ಬಂದ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿಕೊಂಡು ನಗುವಳು, ಹಣೆ ಮೇಲೆ ದುಂಡಗೆ ಮಣ್ಣು, ಏನ್ರೀ, ಪೋಸ್ಟಾಫೀಸಿನವರು ಠಸ್ಸೆ ಹೊಡೆದು ಕಳಿಸಿದ್ರಾ, ಎಂದು ಒದ್ದೆ ಟವೆಲ್ಲಿನಿಂದ ಒರೆಸುವಳು, ಒರೆಸಿದರೂ ಕೆಂಪು ಉಳಿಯುತ್ತಿತ್ತು, ದುಂಡಗೆ. ಮರೆವು ಹೆಚ್ಚಾಯಿತೆಂದು ತೋರಿಸಲು ಹೋದಾಗ ಡಾಕ್ಟರಮ್ಮ ಕೇಳಿದ್ದೂ ಈ ಹೊಡೆತಗಳ ಲೆಕ್ಕವನ್ನೇ, ಒಟ್ಟು ಎಷ್ಟು ಸಲ ತಲೆಯಿಂದ ಹೊಡೆದಿರಬಹುದು, ಅಂದಾಜು? ನೀವು ಎಷ್ಟು ಸಲ ಜನರಿಗೆ ನಾಲಿಗೆ ಚಾಚಿ ಅಂದಿದೀರಿ, ಲೆಕ್ಕ ಇಟ್ಟಿದೀರಾ, ಎಂದು ಅವನು ನಗೆಯಾಡಿದ, ಹೆಂಡತಿ ಮೊಣಕೈಯಲ್ಲಿ ತಿವಿದಳು. ಕೊಡೆ, ಕುದುರೆ, ಕನ್ನಡಿ, ಈ ಮೂರು ನೆನಪಿಟ್ಕೊಳ್ಳಿ, ಆಮೇಲೆ ಕೇಳ್ತೀನಿ. ಕೇಳಿದಾಗ ಕೊಡೆ ಒಂದೇ ಸಿಕ್ಕಿತು. ಕುದುರೆ ಮನೆಗೆ ಬಂದು ಊಟಕ್ಕೆ ಕೂತಾಗ ಬಂತು, ಕನ್ನಡಿ ಮಾರನೇ ಬೆಳಿಗ್ಗೆ ಹಲ್ಲುಜ್ಜುವಾಗ, ಎದುರಿಗೇ ಇತ್ತು, ಈಗ ಮೂರೂ ಹೋಗಿ ಎಂದರೂ ಹೋಗುವುದಿಲ್ಲ, ನಾಲ್ಕನೇ ಸಾಲಿನಲ್ಲಿ ಕುದುರೆ ಎಂದೇ ಬರೆಯಲೇ, ಅದಾದರೂ ಓಡುತ್ತದೆ. ಚೆಂಡಿನ ಪೆಟ್ಟು ತಿಂದೂ ತಿಂದೂ ಹೀಗಾಗಿರಬಹುದು, ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಜೋಪಾನ ಮಾಡೋಣ, ಎಂದರು ಡಾಕ್ಟರಮ್ಮ, ಮೃದುವಾಗಿಯೇ ಎಂದರು. ಅದನ್ನು ಕೇಳಿಸಿಕೊಂಡು ಬಂದವನು ಮಾರನೇ ದಿನ ಸಾಮಾನಿನ ಕೋಣೆಗೆ ಹೋಗಿ ಹಗ್ಗ ಇಳಿಬಿಟ್ಟ. ಚಿಲಕ ಬಂದು ನಿಂತ. ಒಂದು, ಎರಡು, ಎಣಿಸಿದ. ನಿಲ್ಲಿಸಿದರೆ ಯಾಕೆ ಸಾರ್ ಎಂದು ಕೇಳುತ್ತಾನಲ್ಲ, ಕೇಳಿದರೆ ಹೇಳಬೇಕಲ್ಲ, ಹೇಳಿದರೆ ತನ್ನದೂ ಹೊರಬೀಳುತ್ತದಲ್ಲ, ಅಷ್ಟಕ್ಕಾಗಿ ಎಣಿಸಿದ. ಬರೀ ಅಷ್ಟಕ್ಕಾಗಿ, ನೂರರವರೆಗೆ.

ಏನ್ ಗುರು, ಪಟ್ಟಿ ಬರೀತಿದೀಯೋ ಪ್ರೇಮಪತ್ರ ಬರೀತಿದೀಯೋ? ಬಾಗಿಲಲ್ಲಿ ಎಡಗಾಲ. ಅವನ ಜೊತೆಯೇ ಈ ಕ್ಲಬ್ಬಿಗೆ ಬಂದು, ಎಡಗಡೆ ಹನ್ನೆರಡು ವರ್ಷ ಓಡಿ, ಈಗ ಸಹಾಯಕ ಕೋಚ್ ಆಗಿರುವವನು, ಅವನ ಕೋಪವನ್ನೂ ತೇಗನ್ನೂ ಬಲ್ಲವನು. ಆಯ್ತು ಆಯ್ತು, ಒಂದೇ ಬಾಕಿ. ಯಾರದ್ದು? ಚಿಲಕಂದು. ಅದೇನು ಕೊನೇಗಿಟ್ಕೊಂಡಿದೀಯ, ಬರಿಯಪ್ಪ ಬೇಗ — ಇದೇ ಸಮಯ, ಇವನಿಗೆ ಹೇಳಬಹುದು, ಬಾಗಿಲು ಮುಂದೆ ಮಾಡು ಎಂದು ಹೇಳಬಹುದು, ನಾಲ್ಕೇ ಮಾತು, ಆದರೆ ಎಡಗಾಲ ಆಗಲೇ ಹೊರಟ, ಪಡಸಾಲೆಯಲ್ಲಿ ಅವನ ಬೂಟಿನ ಮೊಳೆಗಳ ಕಟಕಟ, ಅದು ದೂರವಾಗುವಷ್ಟರಲ್ಲಿ ಇನ್ನೊಂದು ಹೆಜ್ಜೆ ಹತ್ತಿರ ಬಂತು, ಮೆತ್ತನೆಯ ಹೆಜ್ಜೆ, ನೀಲಿ ಫೈಲು ಹಿಡಿದ ರೆಫರಿಯ ಕಡೆಯವನು, ಸಾರ್, ಪಟ್ಟಿ. ಒಂದೇ ನಿಮಿಷ. ತಲೆ ತಡಕಾಡುತ್ತಿತ್ತು, ಕೈ ಕಾಯಲಿಲ್ಲ, ನಾಲ್ಕನೇ ಸಾಲಿನ ಮೇಲೆ ಹೋಗಿ ಸರಾಗ ಬರೆಯಿತು, ಒಂದು ಅಕ್ಷರವೂ ಎಡವದೆ, ಹದಿನೇಳು ವರ್ಷ ಆ ಸಾಲಿನಲ್ಲಿ ಕೂತು ಸವೆದ ಹೆಸರು, ಬರೆದ ಮೇಲೆ ಎಂಥ ಸಮಾಧಾನ, ಹಾಂ, ಇದೇ, ಇದೇ ಸರಿ, ಬಾವಿಯಿಂದ ಕೊಡ ಮೇಲೆ ಬಂತು. ಕೆಳಗೆ ಕೋಚ್ ಎಂಬಲ್ಲಿ ಸಹಿ ಮಾಡಿ, ಪಕ್ಕದಲ್ಲಿ ಹೆಸರು ಬರೆದ, ಮತ್ತೆ ಅದೇ ಹೆಸರು, ಕಣ್ಣಿಗೆ ಬೀಳಲಿಲ್ಲ.

ಆಟಗಾರರ ಕೋಣೆಯಲ್ಲಿ ಬೆಂಚುಗಳು, ನೋವಿನೆಣ್ಣೆಯ ಘಾಟು, ಅಭ್ಯಾಸ ಮುಗಿಸಿ ಬಂದ ಹನ್ನೊಂದು ಜನರ ಬೆವರು, ಅವನು ನಡುವೆ ನಿಂತು ಮಾತು ಶುರುಮಾಡಿದ್ದಾನೆ, ಮಾತಿಗೇನೂ ಆಗಿಲ್ಲ, ಎಡಗಡೆಯಿಂದ ತಳ್ಳಿ, ಬಾವಲಿ ನೀನು ಹತ್ತು ಹೆಜ್ಜೆ ಮುಂದಿರು — ಆಗ ನೀಲಿ ಫೈಲಿನವನು ಮತ್ತೆ ಬಂದು ಬಾಗಿಲಲ್ಲಿ ಕೆಮ್ಮಿದ. ಸಾರ್, ನಾಲ್ಕನೇ ನಂಬರೂ ಕೋಚೂ ಒಂದೇ ಹೆಸರಲ್ಲಿದೆಯಲ್ಲ? ಅಳಿಯ ಮೊದಲು ನಕ್ಕ. ಇವತ್ತು ಸಾರೇ ಇಳೀತಾರಂತೆ ಕಣ್ರೋ, ಚಿಲಕಾ, ನೀನು ನೀರಿನ ಬಾಟ್ಲಿ ಹಿಡ್ಕೊಂಡು ಕೂತ್ಕೊ. ಕೋಣೆಯೆಲ್ಲ ನಕ್ಕಿತು, ಅಜ್ಜ ತೊಡೆ ತಟ್ಟಿಕೊಂಡು ನಕ್ಕ, ಅವನೂ ನಕ್ಕ, ಬೇರೆಯವರು ನಿಲ್ಲಿಸಿದ ಮೇಲೂ ನಕ್ಕ. ಎಡಗಾಲ ನಗಲಿಲ್ಲ. ಪಟ್ಟಿ ಇಸಿದುಕೊಂಡು ನೋಡಿದ, ಅವನ ಮುಖ ನೋಡಿದ, ಮತ್ತೆ ಪಟ್ಟಿ ನೋಡಿದ. ಸರಿ ಮಾಡು ಗುರು, ತಗೋ ಪೆನ್ನು. ಅವನು ನಾಲ್ಕನೇ ಸಾಲಿನ ತನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದ. ಎಳೆದ ಮೇಲೆ ಪೆನ್ನು ನಿಂತಿತು. ಬಾವಲಿ ಗ್ಲೌಸಿನ ಪಟ್ಟಿ ಬಿಚ್ಚಿದ ಸದ್ದು, ಪರ್ರ್, ಆ ಸದ್ದಿಗೆ ಬಾವಲಿಗೇ ನಾಚಿಕೆಯಾಗಿ ಕೈ ಹಿಂದಕ್ಕೆ ಕಟ್ಟಿಕೊಂಡ. ಎಡಗಾಲ, ನೀನೇ ಬರಿ. ಯಾಕೋ? ನನಗೆ ಹೆಸರು ಬರ್ತಿಲ್ಲ. ಯಾರ ಹೆಸರು? ಅವನದು, ಯಾರದೂ ನೆಟ್ಟಗೆ ಬರಲ್ಲ ಕಣೋ, ಈ ವರ್ಷವೆಲ್ಲ ನಮ್ಮವಳು ಚೀಟಿ ಬರ್ಕೊಟ್ಟಿದ್ದು. ಹೇಳಿಬಿಟ್ಟ. ಇಷ್ಟೇ ಇದ್ದದ್ದು, ಹಲ್ಲು ಕಿತ್ತ ಹಾಗೆ, ಮೊದಲು ನೋವಿಲ್ಲ, ನಾಲಿಗೆ ಮಾತ್ರ ಖಾಲಿ ಜಾಗ ಹುಡುಕಿಕೊಂಡು ಹೋಗುತ್ತದೆ. ಮೂಲೆಯ ಬೆಂಚಿನಿಂದ ಚಿಲಕ ಎದ್ದು ಬಂದು, ಎಡಗಾಲನ ಪಕ್ಕ ನಿಂತು, ತನ್ನ ಹೆಸರನ್ನು ತಾನೇ ಹೇಳಿದ, ನಿಧಾನ, ಬಿಡಿಸಿ ಬಿಡಿಸಿ, ತಪ್ಪು ಮಾಡಿದವನ ಧ್ವನಿಯಲ್ಲಿ. ಎಡಗಾಲ ಬರೆದ. ಅವನಿಗೂ ಕೇಳಿಸಿತು, ಹೌದಲ್ಲ, ಇದೇ ಅಲ್ಲವೇ, ಎಂದುಕೊಳ್ಳುವಷ್ಟರಲ್ಲಿ ಬಂದ ದಾರಿಯಲ್ಲೇ ಹೊರಟುಹೋಯಿತು.

ಹೋಗಲಿ. ಹೆಸರು ಹೋಗಲಿ, ಸಾಲು ತುಂಬಿತು, ಇನ್ನೊಂದು ಉಳಿದಿದೆ, ಅದನ್ನೂ ಈಗಲೇ, ಸೀಟಿ ಊದುವುದರೊಳಗೆ, ಎಲ್ಲರೂ ಬಾಗಿಲಿನತ್ತ ಸರಿಯುತ್ತಿದ್ದಾರೆ, ಯಾರೂ ಅವನ ಕಡೆ ನೋಡುತ್ತಿಲ್ಲ, ನೋಡದಿರಲು ಎಷ್ಟು ಪಾಡುಪಡುತ್ತಿದ್ದಾರೆ, ಪಾಪ, ಎಡಗಾಲ ಹೆಗಲ ಮೇಲೆ ಕೈಯಿಟ್ಟಿದ್ದಾನೆ, ಭಾರವಾದ ಕೈ — ಚಿಲಕಾ. ಸಾರ್? ತಿರುಗಿದ. ಮಾತು ಸಿದ್ಧವಾಗಿದೆ, ಇವತ್ತಿನಿಂದ ಚೆಂಡಿಗೆ ತಲೆ ಕೊಡಬೇಡ, ನಾನು ಕೊಡಿಸಿದ್ದು ತಪ್ಪು, ಅಷ್ಟೇ, ಬೆಳಗಿನಿಂದ ಅವಳ ಬಾಯಲ್ಲಿ ಕೇಳಿ ಕೇಳಿ ತನ್ನದೇ ಆಗಿರುವ ಮಾತು. ಹೇಳಿ ಸಾರ್. ಚಿಲಕ ಒಂದು ಹೆಜ್ಜೆ ಹತ್ತಿರ ಬಂದು ಬಗ್ಗಿದ, ಉದ್ದಕ್ಕಿದ್ದಾನೆ, ಬಗ್ಗಿಯೇ ಕೇಳಿಸಿಕೊಳ್ಳಬೇಕು, ಬಗ್ಗಿದಾಗ ಹಣೆ ಕಣ್ಣಿನ ಮುಂದೆಯೇ ಬಂತು, ಅಭ್ಯಾಸದಲ್ಲಿ ಹೊಡೆದದ್ದು, ಮಣ್ಣು, ಇನ್ನೂ ಒದ್ದೆ, ಅಂಚು ಕೂಡ ಅಳಿಸಿಲ್ಲ, ಮಣ್ಣಿನ ಸುತ್ತ ಕೆಂಪು, ಸಾರ್, ಏನೋ ಹೇಳ್ತಿದ್ರಿ, ಹೌದು, ಹೇಳುತ್ತಿದ್ದ, ಮಾತು ಇಲ್ಲೇ ಇತ್ತು, ಈಗ ತಾನೇ ಇತ್ತು, ಕೈ ಎತ್ತಿದ, ಒರೆಸಲೋ, ತಡೆಯಲೋ, ಹಣೆಯ ಮೇಲೆ ಮಣ್ಣು, ಸಾರ್, ದುಂಡಗೆ, ಹಣೆಯ ಮೇಲೆ, ದುಂಡಗೆ —