ಅತ್ತೆಯಿಲ್ಲದ ಮನೆ

"ಹುಟ್ಟಿದ ಹೊತ್ತು ಎಷ್ಟು ಮಾವ?" ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕಿಶೋರ ಕೇಳಿದ.

"ಐದೂವರೆ, ಸಾಯಂಕಾಲ," ಎಂದರು ಮಧುಕೇಶ್ವರ ಹೆಗಡೆಯವರು. "ಆನು ಆಸ್ಪತ್ರೆ ಬಾಗ್ಲಲ್ಲಿ ಚಾ ಕುಡೀತಿರಕ್ಕಾದ್ರೆ ನರ್ಸು ಬಂದು ಕೂಸು ಹುಟ್ಟಿದ್ದು ಹೇಳ್ತು."

ಆ ಕೂಸು ಅಭಿಜ್ಞಾ ಈಗ ಸಿರ್ಸಿ ಪೇಟೆಯ ಈ ಕಂಪ್ಯೂಟರ್ ಅಂಗಡಿಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿದ್ದಳು. ನಿಶ್ಚಿತಾರ್ಥಕ್ಕೆ ಜಾತಕದ ಹೊಸ ಪ್ರತಿ ಬೇಕಿತ್ತು. ಸೋಂದಾದ ಜ್ಯೋತಿಷಿ ಸೀತಾರಾಮ ಭಟ್ಟರ ಪ್ರಿಂಟರು ಕೆಟ್ಟಿದ್ದರಿಂದ ಇಲ್ಲಿಗೇ ಬಂದಿದ್ದರು. ಭಟ್ಟರ ಜಾತಕದ ಪ್ರೋಗ್ರಾಮು ಬರೆದವನೂ ಕಿಶೋರನೇ ತಾನೆ.

"ಆಶ್ಲೇಷಾ ನಕ್ಷತ್ರದ ಸೊಸೆ ಅತ್ತೆಗೆ ಆಗ್ತಿಲ್ಲೆ ಹೇಳಿ ಬಂದವ್ವೆಲ್ಲ ತಿರುಗಿ ಹೋದ," ಹೆಗಡೆಯವರು ತಾವಾಗಿಯೇ ಹೇಳಿಕೊಂಡರು. "ಯಲ್ಲಾಪುರದ ಮಾಣಿ ಒಪ್ಪಿದ್ದ, ಅವನ ಆಯಿ ಬಿಟ್ಟಿದ್ದಿಲ್ಲೆ. ಈಗಿಂದು ಅತ್ತೆ ಇಲ್ಲದ ಮನೆ. ಮಾಣಿಗೆ ವಯಸ್ಸು ರಾಶಿ ಆಜು, ಕೂದಲು ಬೆಳ್ಳಗಾಜು, ಎಂತ ಮಾಡದು?"

ಕಿಶೋರ 17.30 ಎಂದು ಒತ್ತಿದ. ಕಪ್ಪು ಪರದೆಯ ಮೇಲೆ ಹತ್ತನೆಯ ನಕ್ಷತ್ರ ಮೂಡಿತು. ಹತ್ತೆಂದರೆ ಮಘಾ. ಆಶ್ಲೇಷಾ ಒಂಬತ್ತನೆಯದು. ಭಟ್ಟರು ಮಾಡಿಕೊಟ್ಟಿದ್ದ, ಹೆಗಡೆಯವರು ತಂದಿದ್ದ ಹಳೆಯ ಪ್ರತಿಯನ್ನು ಎಳೆದುಕೊಂಡು ನೋಡಿದ. ಜನನ ಕಾಲ 5.30 ಎಂದಿತ್ತು. ಪ್ರೋಗ್ರಾಮು ಅದನ್ನು ಬೆಳಗಿನ ಜಾವವೆಂದು ತಿಳಿದು ಚಂದ್ರನನ್ನು ಒಂದು ಮನೆ ಹಿಂದೆ ಕೂರಿಸಿಬಿಟ್ಟಿತ್ತು.

ಗ್ರಹಗಳ ಲೆಕ್ಕ ಬರೆಯುವುದೆಂದರೆ ಕಿಶೋರ ಊಟ ಮರೆಯುತ್ತಿದ್ದ. ಪರದೆಯ ಮೇಲೆ ಚೌಕ ಬಿಡಿಸಿ, ಬಟನ್ ಕೂರಿಸಿ, ಬಣ್ಣ ತುಂಬುವ ಕೆಲಸವೆಂದರೆ ಮಾತ್ರ ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು. ವಿಂಡೋಸ್ ಬಂದು ಊರೆಲ್ಲ ಅದರ ಹಿಂದೆ ಹೋದರೂ ಇವನು ಕಪ್ಪು ಪರದೆ ಬಿಡಲಿಲ್ಲ. ಬಟನ್ ಬೇಕೆಂದು ಬಂದ ಗಿರಾಕಿಗಳನ್ನು ಎದುರಿನ ಅಂಗಡಿಗೆ ಕಳಿಸುತ್ತಿದ್ದ. "ರಂಗೋಲಿ ಹಾಕೋದು ನನ್ನ ಕೆಲಸ ಅಲ್ಲ," ಎಂದು ನಗುತ್ತಿದ್ದ. ಬೆಳಿಗ್ಗೆಯೋ ಸಂಜೆಯೋ ಎಂದು ಆರಿಸುವ ಹಾಗೆ ಮಾಡಿಕೊಡು ಎಂದು ಭಟ್ಟರು ಕೇಳಿದಾಗಲೂ, ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಒತ್ತಿದರಾಯಿತು ಎಂದು ಸಾಗಹಾಕಿದ್ದ. ಆ ಎಪ್ಪತ್ತರ ಮುದುಕರು ಹೂಂ ಎಂದು ಹೋಗಿದ್ದರು.

ಈಗ 5.30 ಎಂದು ಮತ್ತೆ ಒತ್ತಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹುಟ್ಟಿದಾಗ ಬರೆಸಿದ ಜಾತಕವನ್ನು ಗೆದ್ದಲು ತಿಂದಿತ್ತು, ಹೆತ್ತವಳೂ ಇರಲಿಲ್ಲ. ಬೆರಳು ಐದರ ಕೀಲಿಯವರೆಗೆ ಹೋಯಿತು. ಬೆಂಚಿನ ಮೇಲಿದ್ದವಳು ಕಾಲ ಬಳಿ ಬಿದ್ದಿದ್ದ ಬಸ್ ಟಿಕೆಟನ್ನೇ ನೋಡುತ್ತಿದ್ದಳು.

"ಮಾವ, ಕೂಸಿನ ನಕ್ಷತ್ರ ಆಶ್ಲೇಷಾ ಅಲ್ಲ, ಮಘಾ," ಎಂದ. "ಭಟ್ರು ಸಂಜೆಗೆ ಬದಲು ಬೆಳಿಗ್ಗೆ ಹೊತ್ತು ಒತ್ತಿದ್ದ."

ಹೆಗಡೆಯವರು ಎದ್ದೇ ನಿಂತರು. "ಆ ಮುದುಕಂಗೆ ಕಣ್ಣು ಕಾಣ್ತಿಲ್ಲೆ ಅಂದ್ರೆ ಪಂಚಾಂಗ ಮುಚ್ಚಿಟ್ಟು ಮನೇಲಿ ಕೂತ್ಕಳಕ್ಕು! ಯನ್ನ ಕೂಸಿನ ಬಾಳು ಹಾಳು ಮಾಡಿದ. ಈಗ್ಲೇ ಹೋಗಿ ಕೇಳ್ತೆ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಒಂದೊಂದು ಬೈಗುಳವೂ ಕಿಶೋರನಿಗೇ ತಾಗುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಭಟ್ರದ್ದಲ್ಲ, ತಪ್ಪು ಯನ್ನದು. ಬೆಳಿಗ್ಗೆನೋ ಸಂಜೆನೋ ಕೇಳೂ ಹಂಗೆ ಮಾಡು ಹೇಳಿ ಅವು ಅಂದೇ ಹೇಳಿದ್ದ. ಯಂಗೆ ಆ ಕೆಲಸ ಬೇಜಾರು. ಮಾಡಿದ್ನಿಲ್ಲೆ."

ಹೆಗಡೆಯವರು ಮತ್ತೆ ಬೆಂಚಿನ ಮೇಲೆ ಕೂತರು. ಮಗಳೇ ಮಾತಾಡಿದಳು, ಅಂಗಡಿಗೆ ಬಂದ ಮೇಲೆ ಮೊದಲ ಸಲ.

"ಅದನ್ನ ಮಾಡಕ್ಕೆ ಎಷ್ಟು ಹೊತ್ತು ಬೇಕಾಗಿತ್ತು ಕಿಶೋರಣ್ಣ?"

ಒಂದು ವಾರ ಎನ್ನಬಹುದಿತ್ತು. ಅವಳಿಗೇನು ಗೊತ್ತಾಗುತ್ತಿತ್ತು?

"ಅರ್ಧ ದಿನ," ಎಂದ.

ಅಭಿಜ್ಞಾ ತಲೆಯಾಡಿಸಿದಳು.

"ಹಂಗಾರೆ ಈ ಸಂಬಂಧ ಬ್ಯಾಡ ಹೇಳಿಬಿಡ್ಲನೇ?" ಅಪ್ಪ ಮೆಲ್ಲಗೆ ಕೇಳಿದರು. "ಯಲ್ಲಾಪುರದವ್ಕೆ ಮತ್ತೊಂದ್ಸಲ..."

"ಅವನ ಮದುವೆ ಹೋದ ತಿಂಗ್ಳೇ ಆತಲ ಅಪ್ಪಯ್ಯ."

ಕಿಶೋರ ಪ್ರಿಂಟ್ ಕೊಟ್ಟ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರುಚುತ್ತ ಕಾಗದವನ್ನು ಹೊರಗೆ ತಳ್ಳಿತು. ಕಿಶೋರ ಕೈ ಚಾಚುವ ಮೊದಲೇ ಅಭಿಜ್ಞಾ ಅದನ್ನು ಎತ್ತಿಕೊಂಡಳು. ಅಂಚಿನ ತೂತಿನ ಪಟ್ಟಿಗಳನ್ನು ಎರಡೂ ಬದಿಯಿಂದ, ಹಾಳೆ ಹರಿಯದ ಹಾಗೆ, ನಿಧಾನವಾಗಿ ಬಿಡಿಸಿದಳು. ಪಟ್ಟಿಗಳನ್ನು ಅವನ ಮೇಜಿನ ಮೇಲಿಟ್ಟು, ಜಾತಕವನ್ನು ಮಡಚದೆ ಕೈಯಲ್ಲಿ ಹಿಡಿದುಕೊಂಡು ಬಿಸಿಲಿಗಿಳಿದಳು.