ಮೂರೆಲೆಯ ಅಚ್ಚು

ಗ್ಯಾರೇಜಿನ ತೊಲೆಗೆ ತಂತಿ ಕಟ್ಟಿ ನೇತುಹಾಕಿದ್ದ ಬಂದೂಕು ತನ್ನದೇ ಎಂದು ಟ್ವೈಲಾಗೆ ತಕ್ಷಣ ಗುರುತು ಹತ್ತಲಿಲ್ಲ. ತಾನು ಓಡಿಸುವ ಶಾಲಾ ಬಸ್ಸನ್ನು ನಿಲ್ಲಿಸಿ ನೇರ ಮನೆಗೆ ಬಂದಿದ್ದಳು. ಬಸ್ಸಿನ ಬೀಗದ ಕೈ ಇನ್ನೂ ಬೆರಳಲ್ಲೇ ಇತ್ತು. ಬಣ್ಣ ಸಿಂಪಡಿಸುವ ಕಂಪ್ರೆಸರ್ ಬುಸುಗುಟ್ಟಿ ಈಗಷ್ಟೇ ಸುಮ್ಮನಾಗಿತ್ತು. ಪಕ್ಕದಲ್ಲಿ ಗಂಡನ ತಮ್ಮ ವೆಂಡಲ್ ಮುಖಕ್ಕೆ ಮಾಸ್ಕು, ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಮಗಳನ್ನು ಸಿಂಗರಿಸಿ ಮಂಟಪಕ್ಕೆ ಕರೆತಂದವನ ಹಾಗೆ ಬೀಗುತ್ತಿದ್ದ.

"ಹೆಂಗಿದೆ?" ಎಂದ ಮಾಸ್ಕಿನೊಳಗಿಂದ.

ಕಪ್ಪು ನಳಿಗೆಯೂ ಇಲ್ಲ, ವಾಲ್ನಟ್ ಮರದ ಹಿಡಿಯೂ ಇಲ್ಲ. ಎರಡರ ಮೇಲೂ ಮಣ್ಣಿನ ಬಣ್ಣ, ಅದರ ಮೇಲೆ ಕಂದು, ಹಸಿರು, ನಡುನಡುವೆ ಎಲೆಯಾಕಾರದ ಖಾಲಿ ಗುರುತುಗಳು. ನಿಜವಾದ ಎಲೆಗಳನ್ನೇ ಹಸಿ ಬಣ್ಣಕ್ಕೆ ಒತ್ತಿ, ಸುತ್ತ ಇನ್ನೊಂದು ಬಣ್ಣ ಸಿಂಪಡಿಸಿ, ಆಮೇಲೆ ಒಂದೊಂದಾಗಿ ಕಿತ್ತಿದ್ದ.

"ಇದು ಸಾಮಾನ್ಯ ಪೇಂಟಲ್ಲ ಟ್ವೈಲಾ. ಕಲ್ಲಿಗೆ ಉಜ್ಜು, ಹೋಗಲ್ಲ. ಥಿನ್ನರ್ ಸುರಿ, ಹೋಗಲ್ಲ. ಎರಡು ವಾರ ಒಣಗಿದ್ರೆ ನಿನ್ನ ಮೊಮ್ಮಕ್ಕಳಿಗೂ ಇದೇ ಬಣ್ಣ."

"ಮರದ ಮೇಲೂ ಹೊಡ್ದೆಯಾ?"

"ಬರೀ ಕಬ್ಬಿಣಕ್ಕೆ ಹೊಡೆದ್ರೆ ಅಂಗಿ ಹಾಕಿ ಚಡ್ಡಿ ಮರೆತ ಹಾಗಾಗುತ್ತಲ್ಲ!"

ಟ್ವೈಲಾ ಅಡುಗೆಮನೆಗೆ ಹೋದಳು. ಗಂಡ ಮರ್ಲ್ ಸೂಪು ಕಲಕುತ್ತ ನಿಂತಿದ್ದ.

"ಅವ್ನು ಕೇಳ್ದ, ತಗೊಂಡ್ಹೋಗು ಅಂದೆ," ಎಂದ, ಅವಳು ಬಾಯಿ ತೆರೆಯುವ ಮೊದಲೇ. "ನಿನಗೆ ಖುಷಿಯಾಗ್ಲಿ ಅಂತ."

"ನನ್ನ ಬಂದೂಕು. ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕಣೋ ಕೇಳೋದು!"

ಪೆನ್ಸಿಲ್ವೇನಿಯದ ಆ ಗುಡ್ಡಗಳಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯನ್ನು ಹೊಡೆಯುವ ಪರವಾನಗಿಗೆ ಪ್ರತಿವರ್ಷ ಸಾವಿರಾರು ಜನ ಅರ್ಜಿ ಹಾಕುತ್ತಾರೆ. ಚೀಟಿ ಎತ್ತಿದಾಗ ಬೆರಳೆಣಿಕೆಯ ಹೆಸರುಗಳು ಬರುತ್ತವೆ. ಟ್ವೈಲಾ ಹದಿನೇಳು ವರ್ಷ ಅರ್ಜಿ ಹಾಕಿದ್ದಳು. ಈ ಸಲ ಹೆಸರು ಬಂದಿತ್ತು. ಒಂದು ಗಂಡು ಎಲ್ಕ್, ಆರು ದಿನ. ಇನ್ನೊಮ್ಮೆ ಬರುವ ಹೊತ್ತಿಗೆ ಅವಳೇ ಗೋಡೆಯ ಮೇಲಿನ ಫೋಟೋ ಆಗಿರುತ್ತಿದ್ದಳೇನೋ.

"ಆಮೇಲೆ ಇನ್ನೊಂದು," ಎಂದಳು. "ಕಾನೂನು ಪ್ರಕಾರ ನಾನು ಮೈಮೇಲೆ ಕಿತ್ತಳೆ ಬಣ್ಣದ ಅಂಗಿ ಹಾಕ್ಲೇಬೇಕು. ಅರ್ಧ ಮೈಲಿಯಿಂದ ಕಾಣೋ ಬಣ್ಣ. ಬಂದೂಕು ಮಾತ್ರ ಪೊದೆ ಹಾಗಿದ್ದು ಏನು ಪ್ರಯೋಜನ? ಯಾರೋ ಕಿತ್ತಳೆ ಹೆಂಗಸು ಗಿಡಕ್ಕೆ ನೀರು ಹಾಕೋಕೆ ಬಂದಿದಾಳೆ ಅಂದ್ಕೊಳ್ಳುತ್ತಾ ಎಲ್ಕು?"

ಮರ್ಲ್ ನಕ್ಕುಬಿಟ್ಟ. ತಪ್ಪು ಮಾಡಿದೆನೆಂದು ತಿಳಿದು ಚಮಚವನ್ನೇ ನೋಡುತ್ತ, "ಪ್ರೀತಿಯಿಂದ ಮಾಡಿದ್ದು ಟ್ವೈಲಾ," ಎಂದ.

ಬಾಯಿಗೆ ಹಾಕುವ ಬೀಗ ಅದು. ಪ್ರೀತಿಯಿಂದ ಮಾಡಿದ್ದನ್ನು ಬೈದರೆ ಬೈದವರೇ ಕೆಟ್ಟವರು. ಇಪ್ಪತ್ತೆರಡು ವರ್ಷ ಅರಿಝೋನಾದ ಮರಳುಗಾಡಿನಲ್ಲಿದ್ದು, ಬೇಸಿಗೆಯ ಕೊನೆಗೆ ಎರಡು ಸೂಟ್‌ಕೇಸು, ಒಂದು ಸ್ಪ್ರೇ ಗನ್ನು ಹಿಡಿದುಕೊಂಡು ಬಂದ ಮೈದುನ. ಅವನನ್ನು ಬೈಯುವುದುಂಟೇ? ಟ್ವೈಲಾ ನುಂಗಿಕೊಂಡಳು.

ಬಣ್ಣ ಹೊಡೆಯಲೆಂದು ವೆಂಡಲ್ ಬಂದೂಕಿನ ಮೇಲಿನ ದುರ್ಬೀನನ್ನು ಬಿಚ್ಚಿ ಮತ್ತೆ ಕೂರಿಸಿದ್ದ. ಹಾಗಾಗಿ ಗುರಿ ತಪ್ಪಿಹೋಗಿತ್ತು. ಬೇಟೆ ಶುರುವಾಗುವ ಸೋಮವಾರಕ್ಕೆ ನಾಲ್ಕು ದಿನ ಮೊದಲು ಅವಳು ಗುರಿ ಅಭ್ಯಾಸದ ಮೈದಾನದಲ್ಲಿ ಬೆಂಚಿನ ಮೇಲೆ ಕೂತು, ಬಲಗೆನ್ನೆಯನ್ನು ಹಿಡಿಗೆ ಒತ್ತಿ, ಒಂದೊಂದೇ ಗುಂಡು ಹೊಡೆದು ಸರಿಮಾಡಿದಳು. ಇಪ್ಪತ್ತಾರು ಗುಂಡು ಬೇಕಾಯಿತು. ಮಧ್ಯೆ ಬೆವರೊರೆಸಿಕೊಂಡಳು, ಕಣ್ಣುಜ್ಜಿಕೊಂಡಳು.

ಶುಕ್ರವಾರ ಬಸ್ಸಿನಲ್ಲಿ ಕೆನ್ನೆ ತುರಿಸಿತು. ಶನಿವಾರ ಬೆಳಿಗ್ಗೆ ಕನ್ನಡಿಯೊಳಗೆ ಯಾರೋ ಬೇರೆಯವಳಿದ್ದಳು. ಬಲಗೆನ್ನೆಯ ತುಂಬ ನೀರುಗುಳ್ಳೆ, ಬಲಗಣ್ಣು ಹಿಟ್ಟಿನ ಉಂಡೆಯ ಹಾಗೆ ಊದಿ ಮುಚ್ಚಿಹೋಗಿತ್ತು. ಈ ಗುಳ್ಳೆ ಯಾವುದೆಂದು ಅವಳಿಗೆ ಗೊತ್ತು. ಆ ಊರಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಆದರೆ ಇಂಥ ಗುಳ್ಳೆ ಎಬ್ಬಿಸುವ ಬಳ್ಳಿಯ ಹತ್ತಿರವೂ ಅವಳು ಸುಳಿದಿರಲಿಲ್ಲ.

ಅಂಗಳಕ್ಕಿಳಿದು ಕೂಗಿದಳು. "ವೆಂಡಲ್! ಎಲೆ ಎಲ್ಲಿ ಕಿತ್ತೆ?"

"ಯಾವ ಎಲೆ?"

"ಬಂದೂಕಿಗೆ ಒತ್ತಿದ್ದು!"

ಕಾಫಿ ಲೋಟ ಹಿಡಿದೇ ಅವಳನ್ನು ಹಿಂದಿನ ಬೇಲಿಯವರೆಗೆ ಕರೆದೊಯ್ದ. "ಇಲ್ಲಿ. ಕೆಂಪಗೆ ಎಷ್ಟು ಮುದ್ದಾಗಿದ್ವು ಗೊತ್ತಾ! ಈಗ ಉದುರಿಹೋಗಿವೆ." ಕಂಬಕ್ಕೆ ಹಬ್ಬಿದ ಬಳ್ಳಿಯಲ್ಲಿ ಎರಡು ಗೊಂಚಲು ಉಳಿದಿದ್ದವು. ಗೊಂಚಲಿಗೆ ಮೂರು ಎಲೆ. "ಮೂರ್ಮೂರು ಒಟ್ಟಿಗಿದ್ರೆ ಚೆನ್ನಾಗಿ ಕೂರಲ್ಲ. ಅದಕ್ಕೆ ಒಂದೊಂದೇ ಬಿಡಿಸಿ ಒತ್ತಿದೆ."

ಮೂರೂ ಒಟ್ಟಿಗಿದ್ದಿದ್ದರೆ ಮೊದಲ ದಿನವೇ ಗುರುತಿಸುತ್ತಿದ್ದಳು. ಮೂರು ವರ್ಷದ ಮಗುವೂ ಗುರುತಿಸುತ್ತಿತ್ತು.

"ವಿಷದ ಬಳ್ಳಿ ಕಣೋ ಅದು! ಅದರೆಣ್ಣೆ ನೀನು ಬಂದೂಕಿಗೆ ಬಳಿದಿದ್ದೀಯ. ನಾನು ಮುಖಕ್ಕೆ ಬಳ್ಕೊಂಡಿದ್ದೀನಿ!"

"ನನಗೇನೂ ಆಗ್ಲಿಲ್ಲವಲ್ಲ?"

"ಗ್ಲೌಸು ಹಾಕ್ಕೊಂಡಿದ್ದೆ ನೀನು, ಮಹಾರಾಯ!"

ಇಪ್ಪತ್ತೆರಡು ವರ್ಷದಲ್ಲಿ ಈ ಬಳ್ಳಿ ಮರೆತೇಹೋಗಿತ್ತು, ಅರಿಝೋನಾದಲ್ಲಿ ಚುಚ್ಚುವ ಗಿಡಗಳು ಮೊದಲೇ ಮುಳ್ಳು ತೋರಿಸುತ್ತವೆ ಎಂದು ವೆಂಡಲ್ ಏನೋ ವಿವರಿಸಲು ಹೊರಟ. ಟ್ವೈಲಾ ಕೇಳಿಸಿಕೊಳ್ಳಲಿಲ್ಲ. ಮೈ ಉರಿಯುತ್ತಿತ್ತು, ಎರಡೂ ಅರ್ಥದಲ್ಲಿ.

ಕ್ಲಿನಿಕ್ಕಿನ ನರ್ಸು ಮಾತ್ರೆ ಕೊಟ್ಟು, ಕಣ್ಣು ತೆರೆಯಲು ಹತ್ತು ದಿನವಾದರೂ ಬೇಕೆಂದಳು. ಟ್ವೈಲಾ ಬಂದೂಕನ್ನು ಸೋಪು ಹಾಕಿ ನಾಲ್ಕು ಸಲ ತೊಳೆದು, ಹಿಡಿಗೆ ಬಟ್ಟೆಯ ಟೇಪು ಸುತ್ತಿದಳು. ಬಣ್ಣ ಒಂದು ಚೂರೂ ಅಲುಗಲಿಲ್ಲ. ಆ ಮಟ್ಟಿಗೆ ವೆಂಡಲ್ ಸುಳ್ಳು ಹೇಳಿರಲಿಲ್ಲ. ಭಾನುವಾರವಿಡೀ ಖಾಲಿ ಬಂದೂಕನ್ನು ಎಡಭುಜಕ್ಕಿಟ್ಟು, ಎಡಗಣ್ಣಲ್ಲಿ ಗೋಡೆಯ ಗುರುತಿಗೆ ಗುರಿಯಿಟ್ಟಳು. ಕೈ ನಡುಗಿತು. ಮತ್ತೆ ಇಟ್ಟಳು. ಸಂಜೆಗೆ ನಡುಕ ನಿಂತಿತು.

ಊಟದ ಹೊತ್ತಿಗೆ ವೆಂಡಲ್‌ನ ಧ್ವನಿಯನ್ನೇ ಮೂಗಿನಿಂದ ಎಳೆದು ಹೇಳಿದಳು: "ಕಲ್ಲಿಗೆ ಉಜ್ಜೂ... ಹೋಗಲ್ಲಾ... ಟ್ವೈಲಾಳ ಮುಖಕ್ಕೆ ಉಜ್ಜೂ... ಅದೂ ಹೋಗಲ್ಲಾ..." ಬಸ್ಸಿನ ಮಕ್ಕಳು ಅವಳ ಅಣಕಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ.

"ಪಾಪ, ಅವನಿಗೂ ಬೇಜಾರಾಗಿದೆ," ಎಂದ ಮರ್ಲ್. "ಜೊತೆಗೆ ಕರ್ಕೊಂಡ್ಹೋಗು. ನಿನ್ನ ಬಲಗಣ್ಣಾಗ್ತಾನೆ."

ಬಲಬದಿ ಕಾಣದವಳಿಗೆ ಯಾರಾದರೂ ಬೇಕೇ ಇತ್ತು. ಐದು ದಿನ ಇಬ್ಬರೂ ಗುಡ್ಡದಲ್ಲಿ ಕೂತರು. ಮರ್ಲ್ ಕೆಳಗೆ ಟ್ರಕ್ಕಿನಲ್ಲಿ ಕಾದ. ಮಂಜು ಬಂತು, ಹೆಣ್ಣು ಎಲ್ಕ್‌ಗಳು ಬಂದವು, ಗಂಡು ಬರಲಿಲ್ಲ. ಬೇಟೆಯಲ್ಲಿ ಮಾತಾಡುವ ಹಾಗಿಲ್ಲವಲ್ಲ, ಎರಡು ವಾರದಿಂದ ನುಂಗಿದ್ದರ ಮೇಲೆ ಟ್ವೈಲಾ ಮತ್ತೈದು ದಿನದ್ದನ್ನು ನುಂಗಿದಳು.

ಆರನೆಯ ದಿನ, ಶನಿವಾರ ಸಂಜೆ, ಬೆಳಕು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಅದು ಬಂತು. ಓಕ್ ಮರಗಳ ನಡುವಿಂದ ಮೊದಲು ಕೋಡು, ಆಮೇಲೆ ಕೊರಳು, ಆಮೇಲೆ ಮುಗಿಯದಷ್ಟು ಮೈ. ಅರವತ್ತು ಹೆಜ್ಜೆ ದೂರದಲ್ಲಿ ಅಡ್ಡಕ್ಕೆ ನಿಂತು ಹುಲ್ಲಿಗೆ ಬಾಯಿ ಹಾಕಿತು.

ಟ್ವೈಲಾ ಬಿದ್ದ ಮರದ ಮೇಲೆ ಬಂದೂಕನ್ನು ಊರಿದಳು. ಎಡಭುಜ. ಎಡಗಣ್ಣು. ಕೈ ನಡುಗಲಿಲ್ಲ. ಉಸಿರು ಅರ್ಧ ಬಿಟ್ಟು ಹಿಡಿದಳು.

ಆಗ ನಳಿಗೆಯ ಮೇಲೆ ಒಂದು ಕೈ ಬಂದು ಕೂತಿತು.

"ನಂಗೆ ಕೊಡು," ಎಂದು ಪಿಸುಗುಟ್ಟಿದ ವೆಂಡಲ್. "ಒಂದೇ ಕಣ್ಣಲ್ಲಿ ಗುರಿ ತಪ್ಪಿಸ್ತೀಯ. ನಾನು ಹೊಡೀತೀನಿ, ನಿನ್ನ ಹೆಸರಿಗೇ ಇರ್ಲಿ. ಯಾರು ನೋಡ್ತಾರೆ?"

ಎಲ್ಕ್ ತಲೆಯೆತ್ತಿತು. ಓಡಲಿಲ್ಲ. ಕಿವಿ ಮಾತ್ರ ಇತ್ತ ತಿರುಗಿತು. ಸುಮ್ಮನಿದ್ದರೆ ಮತ್ತೆ ತಲೆ ತಗ್ಗಿಸುತ್ತದೆಂದು ಟ್ವೈಲಾಗೆ ಗೊತ್ತಿತ್ತು. ಕೈ ತೆಗಿ ಎಂದು ಕಣ್ಣಲ್ಲೇ ಹೇಳಿದಳು. ವೆಂಡಲ್ ತೆಗೆಯಲಿಲ್ಲ. ಅವಳ ಒಳ್ಳೆಯದಕ್ಕೇ ಎಂಬಂತೆ ಮೆಲ್ಲಗೆ, ಪ್ರೀತಿಯಿಂದ, ಬಂದೂಕನ್ನು ತನ್ನ ಕಡೆ ಎಳೆದ.

ಅವಳು ಬಂದೂಕು ಕಿತ್ತುಕೊಂಡು, ಬೋಲ್ಟ್ ಎಳೆದು, ಗುಂಡುಗಳನ್ನೆಲ್ಲ ತೆಗೆದು ಜೇಬಿಗೆ ಹಾಕಿದಳು. ಆಮೇಲೆ ಎದ್ದು ನಿಂತು ಬಾಯಿ ತೆಗೆದಳು.

"ಮುಟ್ಬೇಡ ನನ್ನ ಬಂದೂಕು!"

ಎಲ್ಕ್ ಒಂದೇ ನೆಗೆತಕ್ಕೆ ಮರಗಳ ಮರೆಯಾಯಿತು. ಗೊರಸಿನ ಸದ್ದು ಗುಡ್ಡವಿಳಿದು ಹೋಗುತ್ತಲೇ ಇತ್ತು, ಹದಿನೇಳು ವರ್ಷವನ್ನೂ ಎಳೆದುಕೊಂಡು. ಅವಳಿಗದು ಕೇಳಿಸಿತು. ಕೂಗು ನಿಲ್ಲಿಸಲಿಲ್ಲ.

"ನನ್ನ ಬಂದೂಕು! ನನ್ನ ಮರದ ಹಿಡಿ, ನನ್ನ ಚೀಟಿ, ನನ್ನ ಕಣ್ಣು! ಗುರಿ ತಪ್ಪಿದ್ರೆ ನಾನು ತಪ್ಪಿಸ್ತಿದ್ದೆ ಕಣೋ, ನಾನು! ನಿನಗೆ ಅಷ್ಟು ಪ್ರೀತಿ ಉಕ್ಕಿ ಬಂದ್ರೆ ಹೋಗಿ ನಿನ್ನ ಸೂಟ್‌ಕೇಸಿಗೆ ಬಣ್ಣ ಹೊಡ್ಕೋ!"

"ನೋಡು, ನೀನೇ ಓಡಿಸಿಬಿಟ್ಟೆ," ಎಂದ ವೆಂಡಲ್, ನಿಜಕ್ಕೂ ನೊಂದು. "ಎಂಥ ಪ್ರಾಣಿ!"

"ಹೌದು. ನಾನೇ ಓಡಿಸಿದೆ. ಹೋಗು, ಇಳಿ ಕೆಳಗೆ."

ಅವನು ಇಳಿದ. ಅವಳು ಹಿಂದೆ ಇಳಿದಳು, ದಾರಿಯುದ್ದಕ್ಕೂ ಬೈಯುತ್ತ. ಐದು ದಿನದ ಮೌನಕ್ಕೆ ಆ ಗುಡ್ಡ ಚಿಕ್ಕದಾಯಿತು.

ಟ್ರಕ್ಕಿನ ಹೀಟರ್ ಹಾಕಿಕೊಂಡು ಕೂತಿದ್ದ ಮರ್ಲ್ ಕಿಟಕಿ ಇಳಿಸಿದ. "ಕೂಗಾಟ ಕೇಳಿಸ್ತು, ಗುಂಡಿನ ಸದ್ದೇ ಬರ್ಲಿಲ್ಲ. ಏನಾಯ್ತು? ಪಾಪ, ಇವನನ್ನ ಯಾಕೆ ಬೈತಿದ್ದೆ?"

ಟ್ವೈಲಾ ಬಾಗಿಲು ತೆಗೆದು, ಬಂದೂಕನ್ನು ಹಿಂದಿನ ಸೀಟಿನಲ್ಲಿಟ್ಟು, ಮುಂದೆ ಬಂದು ಕೂತಳು.

"ಇಂಜಿನ್ ಆಫ್ ಮಾಡು ಮರ್ಲ್," ಎಂದಳು. "ಈಗ ನಿನ್ನ ಸರದಿ."