ತಿಪ್ಪೆ ಅರಗಿಸದ್ದು

ತಿಪ್ಪೆಗೆ ಹಾಕಿದ್ದೆಲ್ಲ ಮಣ್ಣಾಗುತ್ತದೆ ಎಂದು ನಾಗವ್ವನಿಗೆ ಅತ್ತೆ ಹೇಳಿಕೊಟ್ಟಿದ್ದಳು. ಸಗಣಿ, ಬೂದಿ, ಜೋಳದ ದಂಟು, ಹರಿದ ಕೌದಿ, ಯಾವುದನ್ನೂ ಬಂಕಾಪುರದ ಆ ಹಿತ್ತಲ ತಿಪ್ಪೆ ತಿರುಗಿ ಕೊಟ್ಟಿರಲಿಲ್ಲ.

ಅದಕ್ಕೇ ಮನೆಯ ಕೆಟ್ಟ ಮೊಬೈಲುಗಳನ್ನೂ ಅಲ್ಲಿಯೇ ಹೂತಿದ್ದಳು. ಹಳೇ ಮೊಬೈಲಿಗೆ ಪ್ಲಾಸ್ಟಿಕ್ ಬುಟ್ಟಿ ಕೊಡುವವನು ಓಣಿಗೆ ಬರುತ್ತಿದ್ದ, ನಿಜ. ಆದರೆ ಅವನು ತಾಮ್ರಕ್ಕಾಗಿ ಹಳ್ಳದ ದಂಡೆಯಲ್ಲಿ ವೈರು ಸುಡುತ್ತಿದ್ದ. ಆ ಕರಿ ಹೊಗೆ ಮನೆಮನೆಗೆ ನುಗ್ಗುತ್ತಿತ್ತು. ಯಾರ ಎದೆಗೂ ಹೊಗೆ ಬೇಡ, ಮಣ್ಣೇ ನಿಧಾನಕ್ಕೆ ಅರಗಿಸಿಕೊಳ್ಳಲಿ ಅಂದುಕೊಂಡಳು.

ಸವಣೂರಿನ ಮಕ್ತುಮಸಾಬ ವರ್ಷವರ್ಷವೂ ಅವಳ ತಿಪ್ಪೆಯ ಗೊಬ್ಬರವನ್ನು ತನ್ನ ವೀಳ್ಯದೆಲೆ ತೋಟಕ್ಕೆ ಒಯ್ಯುತ್ತಿದ್ದ. ಈ ಸಲ ಟ್ರ್ಯಾಕ್ಟರು ಬಂದಾಗ ನಾಗವ್ವ ಮಗಳ ಊರು ಆಡೂರಿನಲ್ಲಿದ್ದಳು. ಸೊಸೆ ರಂಜನಾ ತುಂಬಿಸಿ ಕಳಿಸಿದಳು.

ನಾಗವ್ವ ತಿರುಗಿ ಬಂದ ಮೇಲೆ ಮಕ್ತುಮಸಾಬ ಬಾಗಿಲಿಗೆ ಬಂದ. ಕೈಯಲ್ಲಿ ಅವಳು ಹೂತಿದ್ದ, ಗುಂಡಿ ಒತ್ತುವ ಹಳೇ ಮೊಬೈಲಿನ ಪ್ಲಾಸ್ಟಿಕ್ ಚಿಪ್ಪು.

"ಏನ್ರೀ ನಾಗವ್ವಾರ, ನಿಮ್ಮ ಗೊಬ್ಬರದಾಗ ಫೋನ್ ಬೆಳದೈತಲ್ರೀ! ಇನ್ನ ನನ್ನ ಬಳ್ಳಿ ನಿಮಗ ಕಾಲ್ ಮಾಡಿ ನೀರು ಕೇಳ್ತಾವೇನು?"

ರಂಜನಾ ಕಿಸಕ್ಕನೆ ನಕ್ಕಳು. ನಾಗವ್ವ ಚಿಪ್ಪನ್ನು ತಿರುವಿ ನೋಡಿದಳು. ಬೆನ್ನು ಖಾಲಿ.

"ಇದರ ಬ್ಯಾಟರಿ ಎಲ್ಲೈತಿ, ಅಣ್ಣಾ?"

ಅವನಿಗೆ ಗೊತ್ತಿರಲಿಲ್ಲ. ಅದು ಮಣ್ಣಲ್ಲೇ ಉಳಿದರೆ ಏನಾಗುತ್ತದೆಂದು ಕೇಳಲು ಅವಳು ಚಿಪ್ಪು ಹಿಡಿದು ಮೊಬೈಲ್ ರಿಪೇರಿಯ ತೌಹೀದನ ಅಂಗಡಿಗೆ ನಡೆದಳು. ಮಕ್ತುಮಸಾಬ ಹಿಂದೆಯೇ ಹೋದ.

"ಮಣ್ಣಾಗ ಬ್ಯಾಟರಿ ಒಡದ್ರ ವಿಷಾನರೀ, ಅಜ್ಜಿ," ಎಂದ ತೌಹೀದ. ಮಕ್ತುಮಸಾಬನ ನಗು ಅಲ್ಲಿಗೇ ನಿಂತಿತು.

ಇಬ್ಬರೂ ಬಸ್ಸು ಹತ್ತಿ ತೋಟಕ್ಕೆ ಹೋದರು. ನಾಗವ್ವ ಬಳ್ಳಿಯ ಬುಡದಿಂದ ಬುಡಕ್ಕೆ ಕೂತಲ್ಲಿಂದಲೇ ಸರಿಯುತ್ತ ಕುರ್ಪಿಯಿಂದ ಕೆದಕಿದಳು. ಸಲಿಕೆಯ ಏಟಿಗೆ ಸೀಳಿದ್ದ ಒಂದು ಬ್ಯಾಟರಿ ಸಿಕ್ಕಿತು. ಒಳಗಿನ ಕರಿ ಪುಡಿ ಹಸಿ ಮಣ್ಣಿಗೆ ಹತ್ತಿತ್ತು. ಉಳಿದವು ಸಿಗಲಿಲ್ಲ.

"ನೀರು ಬಿಟ್ಟಾತಲ್ರೀ ಅಕ್ಕಾ, ಇನ್ನ ಎಲ್ಲಿ ಅಂತ ಹುಡಕ್ತೀರಿ?" ಎಂದಳು ಮಕ್ತುಮಸಾಬನ ಹೆಂಡತಿ ನೂರಜಹಾನ.

"ಈ ಮಣ್ಣ ತಗದು ಹೊರಗ ಹಾಕಿಸಿಬಿಡು, ಅಣ್ಣಾ."

"ಬಳ್ಳಿ ಬೇರು ಅದರಾಗ ಅದಾವ್ರೀ. ಮಣ್ಣ ತಗದ್ರ ತ್ವಾಟಾನ ತಗದಂಗ," ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಹೊರಡುವಾಗ ನೂರಜಹಾನ ವಾಡಿಕೆಯಂತೆ ಎಲೆಯ ಕಟ್ಟು ತಂದು ಉಡಿಗೆ ಹಾಕಿದಳು. "ನಿಮ್ಮನ್ನ ಎಂದರ ಬರಿಗೈಲೆ ಕಳಿಸೇನೇನ್ರೀ?" ಬೇಡ ಎನ್ನಲಾರದೆ ನಾಗವ್ವ ಉಡಿ ಕಟ್ಟಿಕೊಂಡಳು.

ಬಂಕಾಪುರದಲ್ಲಿಳಿದು ತೌಹೀದನಿಗೆ ಬ್ಯಾಟರಿ ತೋರಿಸಿದಳು. ಒಡೆದದ್ದು ಬೇಡವೆಂದ. ಕಸದ ಗಾಡಿಯವನು ಹೇಳಿದ: "ಕೊಡ್ರಿ ಬೇಕಾರ. ನಾವೂ ಊರ ಹೊರಗ ಒಯ್ದು ಚೆಲ್ಲಾವ್ರ." ಚಾಚಿದ್ದ ಕೈಯನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು.

ಮನೆಯಲ್ಲಿ ರಂಜನಾ ಎಲೆ ಕಂಡು ಸಂಚಿ ತಂದಳು. "ಎಷ್ಟ ಎಳೀವು ಅದಾವ ನೋಡ್ರಿ ಅತ್ತಿ! ಒಂದ ಮಡಚಿ ಕೊಡ್ಲೇನು?"

"ಮುಟ್ಟಬ್ಯಾಡವಾ," ಎಂದಳು ನಾಗವ್ವ.

ಹಿತ್ತಲಿಗೆ ಹೋಗಿ ಬರಿದಾದ ತಿಪ್ಪೆಗುಂಡಿಯ ಮುಂದೆ ನಿಂತಳು. ಸೆರಗಿನ ಗಂಟಿನಲ್ಲಿ ಬ್ಯಾಟರಿ, ಉಡಿಯಲ್ಲಿ ಎಲೆ. ಎಲ್ಲಿ ಹಾಕಬೇಕೆಂದು ತಿಳಿಯದೆ, ಎರಡನ್ನೂ ಹೊತ್ತುಕೊಂಡು ತಿರುಗಿ ಒಳಗೆ ಬಂದಳು.